ಮಾಳಿಗೆಯಿಂದ ಕೂಗಿದ ಹೆಸರು

ನನ್ನ ಮೊಮ್ಮಗಳು ಹಾಕಿ ಆಟದಲ್ಲಿ ಗೋಲು ಕಾಯುತ್ತಾಳೆ. ಈ ಮಾತನ್ನು ಈ ವಾರ ಹಾಲಿನವನಿಗೆ ಹೇಳಿದೆ, ಹಿಟ್ಟಿನ ಗಿರಣಿಯವನಿಗೆ ಹೇಳಿದೆ, ಬಸ್ಸಿನಲ್ಲಿ ಬಾಜೂ ಕೂತ ಗುರುತಿಲ್ಲದ ಹೆಣ್ಣುಮಗಳಿಗೂ ಹೇಳಿದೆ. ಆಕೆ "ಛಲೋ ಆತು ಬಿಡ್ರಿ" ಅಂದು ಕಿಟಕಿಯ ಕಡೆ ತಿರುಗಿದಳು. ನಾನು ಬಿಡಲಿಲ್ಲ, ಆಕೆಯ ಬೆನ್ನಿಗೆ ಇನ್ನೊಮ್ಮೆ ಹೇಳಿದೆ. ಕಾಲಿಗೆ ಹಾಸಿಗೆಯಂಥ ಪ್ಯಾಡು ಕಟ್ಟಿಕೊಂಡು, ತಲೆಗೆ ಹೆಲ್ಮೆಟ್ಟು ಹಾಕಿಕೊಂಡು ಆ ಹುಡುಗಿ ನಿಂತಿದ್ದನ್ನು ನೋಡಿ ನನಗೆ ಅಳು ಬಂತೋ ನಗು ಬಂತೋ ತಿಳಿಯಲಿಲ್ಲ. "ಅಜ್ಜ ಹೆಂಗ ಆಡ್ತಿದ್ರು, ಬರದು ಕೊಡ ಅಜ್ಜಿ" ಅಂದಿದ್ದಾಳೆ. ನಾನು ಕಲಿತದ್ದು ಮೂಡಲಗಿಯ ಸಾಲಿಯಲ್ಲಿ ನಾಲ್ಕು ಇಯತ್ತೆ. ಆದರೆ ಹಿಗ್ಗು ಬಂದಾಗ ಕೈ ತಾನಾಗಿಯೇ ಓಡುತ್ತದೆ.

ಹಿಗ್ಗಿನ ಒಳಗೇ ಒಂದು ಭಯ ಇದೆ. ಆಕೆ ಗೋಲಿನಲ್ಲಿ ನಿಂತಾಗ ನಾನು ಚೆಂಡನ್ನು ನೋಡಲಿಲ್ಲ. ಸೀಟಿ ಊದಿದಾಗಲೆಲ್ಲ ಆಕೆ ನಿಲ್ಲುತ್ತಾಳೋ ಇಲ್ಲವೋ, ಅದನ್ನೇ ನೋಡಿದೆ. ನಿಂತಳು. ಪ್ರತಿ ಸಲವೂ ನಿಂತಳು. ನಾನು ಯಾಕೆ ಅದನ್ನೇ ನೋಡಿದೆ ಎಂಬುದನ್ನು ಹೇಳಬೇಕಾದರೆ ನನ್ನ ಮದುವೆಯಿಂದ ಹೇಳಬೇಕು.

ಸ್ವಾತಂತ್ರ್ಯ ಬಂದು ನಾಲ್ಕೈದು ವರ್ಷವಾಗಿತ್ತು. ನಮ್ಮಪ್ಪನಿಗೆ ಮೂಡಲಗಿಯಲ್ಲಿ ಕಾಳುಕಡಿ ವ್ಯಾಪಾರ. ಗೋಕಾಕ ಫಾಲ್ಸಿನ ಬಟ್ಟೆ ಗಿರಣಿಯಲ್ಲಿ ಕೆಲಸದಲ್ಲಿದ್ದ ವರನ ಸುದ್ದಿಯನ್ನು ನಮ್ಮ ಸೋದರಮಾವ ತಂದ. "ಹುಡುಗ ಗಿರಣ್ಯಾಗ ಅದಾನ. ಮತ್ತ ಗೋಲ್‌ಕೀಪರ್ ಅದಾನ" ಎಂದ. ಅಪ್ಪನಿಗೆ ಗೊತ್ತಿದ್ದದ್ದು ಸ್ಟೋರ್‌ಕೀಪರ್ ಒಂದೇ.

"ಗೋಲ್‌ಕೀಪರ್ ಅಂದ್ರ ಸ್ಟೋರ್‌ಕೀಪರ್‌ಗಿಂತ ಮ್ಯಾಲೋ, ಕೆಳಗೋ?"

ಸೋದರಮಾವನಿಗೂ ಗೊತ್ತಿರಲಿಲ್ಲ. "ಮ್ಯಾಲ" ಅಂದುಬಿಟ್ಟ.

ಮದುವೆಯ ಪಂಗತಿಯಲ್ಲಿ ಅಪ್ಪ ಅಳಿಯನ ಬಾಜೂ ಕೂತು ಮೆತ್ತಗೆ ಕೇಳಿದ್ದ, "ನಿಮ್ಮ ಕೈಯಾಗ ಎಷ್ಟು ಮಂದಿ ಅದಾರ್ರಿ?" ಇವರು ಹೋಳಿಗೆ ಮುರಿಯುತ್ತ, "ನನ್ನ ಮುಂದ ಹತ್ತು ಮಂದಿ ಅದಾರ್ರಿ ಮಾಮಾ" ಅಂದರು. ಹತ್ತು ಮಂದಿಯ ಮೇಲಿನ ಸಾಹೇಬ ಅಂತ ಅಪ್ಪ ಊರೆಲ್ಲ ಹೇಳಿಕೊಂಡು ಬಂದ. ಇವರು ನಿಜವಾಗಿ ಮಗ್ಗದ ಖಾತೆಯಲ್ಲಿ ನೇಯುವವರು. ಹತ್ತು ಮಂದಿ ಅಂದದ್ದು ಮೈದಾನದಲ್ಲಿ ಗೋಲಿನ ಮುಂದೆ ಆಡುವವರನ್ನು.

ಇವರು ಎಂದರೆ ನನ್ನ ಮನೆಯವರು. ಹೆಸರು ಬರೆಯುವುದಿಲ್ಲ. ನಮ್ಮ ಕಾಲದಲ್ಲಿ ಹೆಂಡತಿ ಗಂಡನ ಹೆಸರನ್ನು ಬಾಯಿಯಿಂದ ತೆಗೆಯುತ್ತಿರಲಿಲ್ಲ. ಕರೆಯಬೇಕಾದರೆ ಕೆಮ್ಮುವುದು, ಬಳೆ ಅಲುಗಿಸುವುದು, ಪಾತ್ರೆ ಸಪ್ಪಳ ಮಾಡುವುದು, ಹತ್ತಿರ ಹೋಗಿ "ಇಲ್ಲೆ ನೋಡ್ರಿ" ಅನ್ನುವುದು. ಹೆಸರು ಹೇಳುವುದು ಮದುವೆ, ತೊಟ್ಟಿಲು, ಸೀಮಂತದಂಥ ಕಾರ್ಯಗಳಲ್ಲಿ ಮಾತ್ರ. ಅದೂ ಎರಡು ಸಾಲಿನ ಒಡಪು ಕಟ್ಟಿ, ಆ ಒಡಪಿನ ಒಳಗೆ ಹೆಸರನ್ನು ಅಡಗಿಸಿ, ಹೆಣ್ಣುಮಕ್ಕಳ ನಡುವೆ.

ಫಾಲ್ಸಿನಲ್ಲಿ ಗಿರಣಿಯವರ ಸಾಲುಮನೆಗಳ ಚಾಳಿಗೆ ನಾನು ಸೊಸೆಯಾಗಿ ನಡೆಯಲು ಬಂದಾಗ ಮಳೆಗಾಲ. ಅಂಥ ಸಪ್ಪಳವನ್ನು ನಾನು ಹುಟ್ಟಿದಾರಭ್ಯ ಕೇಳಿರಲಿಲ್ಲ. ಒಂದು ಕಡೆ ನೀರು ಬೀಳುವ ಸಪ್ಪಳ, ಇನ್ನೊಂದು ಕಡೆ ಗಿರಣಿಯ ಸಪ್ಪಳ. ಗೂಟಕ್ಕೆ ಹಾಕಿದ ಹಿತ್ತಾಳೆ ಚರಿಗೆ ಸಣ್ಣಗೆ ನಡುಗುತ್ತಿತ್ತು. ಚಾಳಿನಲ್ಲಿ ಯಾರೂ ಮೆತ್ತಗೆ ಮಾತಾಡುತ್ತಿರಲಿಲ್ಲ. ನಮ್ಮತ್ತೆ "ಉಪ್ಪು ಕೊಡ" ಅಂದರೂ ಜಗಳ ತೆಗೆದಂತೆ ಕೇಳುತ್ತಿತ್ತು. ಮೊದಲ ವಾರ ನಾನು ಆಕೆಗೆ ಹೆದರಿ ಮೂಲೆಯಲ್ಲಿ ಅತ್ತಿದ್ದೇನೆ. ಗಿರಣಿಯ ಮಂದಿಗಂತೂ ಇನ್ನೊಂದು ರೂಢಿ. ಮಗ್ಗಗಳ ನಡುವೆ ಕೂಗಿದರೂ ಕೇಳುವುದಿಲ್ಲ, ಅದಕ್ಕೆ ಅವರು ಎದುರಿನವನ ತುಟಿ ನೋಡಿ ಮಾತು ತಿಳಿದುಕೊಳ್ಳುತ್ತಿದ್ದರು. ಮನೆಗೆ ಬಂದರೂ ಆ ರೂಢಿ ಬಿಡುತ್ತಿರಲಿಲ್ಲ. ಇವರು ನನ್ನ ಬಾಯಿಯನ್ನೇ ನೋಡುವುದನ್ನು ಕಂಡು ಹೊಸದರಲ್ಲಿ ನಾನು ಸೆರಗು ಮುಚ್ಚಿಕೊಳ್ಳುತ್ತಿದ್ದೆ.

ಇವರು ಗೋಲಿಗೆ ನಿಂತ ಕತೆಯನ್ನು ಬಾಜೂ ಮನೆಯ ಅಣ್ಣ ಹೇಳಿದ್ದ. ಅವನೂ ಮಗ್ಗದ ಖಾತೆಯವನೇ, ಆಟದಲ್ಲಿ ಗೋಲಿನ ಮುಂದೆ ಬ್ಯಾಕ್ ನಿಲ್ಲುವವನು. ಇಂಗ್ಲಿಷರು ಹೋಗುವಾಗ ಯಾರೋ ಒಬ್ಬರು ಹಾಕಿ ಸ್ಟಿಕ್ಕುಗಳನ್ನೂ ಒಂದು ಜೊತೆ ಪ್ಯಾಡನ್ನೂ ಬಿಟ್ಟು ಹೋಗಿದ್ದರಂತೆ. ಚಾಳಿನವರು ಟೀಮು ಕಟ್ಟಿದರು. ಆ ಪ್ಯಾಡು ಉದ್ದ ಕಾಲಿನ ಸಾಹೇಬನದು. ಉಳಿದವರು ಕಟ್ಟಿಕೊಂಡರೆ ತೊಡೆಗೆ ಬಡಿಯುತ್ತಿತ್ತು, ಇವರ ಕಾಲಿಗೆ ಮಾತ್ರ ಸರಿಯಾಯಿತು. ಅಷ್ಟಕ್ಕೇ ಗೋಲ್‌ಕೀಪರ್ ಆದರು.

ಆದರೆ ನಿಂತ ಮೇಲೆ ಅವರಂಥವರು ಇನ್ನೊಬ್ಬರಿಲ್ಲ ಎಂದಾಯಿತು. ಗೋಕಾಕದಲ್ಲಿ, ಹುಕ್ಕೇರಿಯಲ್ಲಿ, ಬೆಲ್ಲದ ಬಾಗೇವಾಡಿಯಲ್ಲಿ ಆಡಿದರು. ಅವರು ನಿಲ್ಲುವ ರೀತಿಯೇ ಬೇರೆ. ತಲೆಯನ್ನು ಒಂದು ಕಡೆ ವಾಲಿಸಿ, ಬಾಗಿಲ ಹಿಂದಿನ ಮಾತನ್ನು ಕದ್ದು ಕೇಳುವವರಂತೆ ನಿಲ್ಲುತ್ತಿದ್ದರು. ಯಾಕೆ ಎಂದು ಒಂದು ಸಲ ಕೇಳಿದೆ.

"ಮಂದಿ ಗುಂಪು ಮುಂದ ಅಡ್ಡ ಇರ್ತೈತಿ. ಚೆಂಡು ಕಣ್ಣಿಗೆ ಆಮ್ಯಾಲ ಬೀಳ್ತೈತಿ, ಕಿವಿಗೆ ಮೊದಲ ಬೀಳ್ತೈತಿ. ಠಕ್ ಅಂದ್ರ ನೇರ ಬಂತು. ಟಪ್ ಅಂದ್ರ ಪುಟಿದು ಬಂತು" ಎಂದರು. "ಮತ್ತ ಅಣ್ಣ ಮುಂದಿನಿಂದ 'ಬಿಡು' ಅಂದ್ರ ಬಿಡೂದು, 'ಹಿಡಿ' ಅಂದ್ರ ಹಿಡಿಯೂದು. ಇಷ್ಟ."

ಎರಡನೆಯ ಬೇಸಿಗೆಯಲ್ಲಿ ಇವರಿಗೆ ವಿಷಮಜ್ವರ ಬಂತು. ಮೂರು ವಾರ ಗಂಜಿ ನೀರಿನ ಮೇಲೆ ಇದ್ದರು. ಎದ್ದ ಮೇಲೆ ಕೂದಲು ಉದುರಿತು, ಮತ್ತೆ ಬಂತು. ಮೈ ಇಳಿಯಿತು, ಮತ್ತೆ ಏರಿತು. ಅತ್ತೆ ಮಗನಿಗೆ ದೃಷ್ಟಿ ತೆಗೆದು, "ಹೋದದ್ದೆಲ್ಲ ತಿರುಗಿ ಬಂತು" ಅಂದಳು. ಎಲ್ಲ ಬಂದಿರಲಿಲ್ಲ.

ನಾನು ಬಳೆ ಅಲುಗಿಸಿದರೆ ಇವರು ತಿರುಗಲಿಲ್ಲ. ಕೆಮ್ಮಿದರೆ ತಿರುಗಲಿಲ್ಲ. ಚರಿಗೆ ಬೇಕಂತಲೇ ಬೀಳಿಸಿದೆ, ಅತ್ತೆ ಒಳಗಿಂದ ಬೈದಳು, ಇವರು ಹೊಸ್ತಿಲ ಮೇಲೆ ಬೆನ್ನು ಮಾಡಿ ಕೂತೇ ಇದ್ದರು. ನನಗೆ ಬೇರೆ ವಿಚಾರ ಬರಲಿಲ್ಲ. ಸಿಟ್ಟು ಎಂದುಕೊಂಡೆ. ಜ್ವರದಲ್ಲಿ ಸರಿಯಾಗಿ ಸೇವೆ ಮಾಡಲಿಲ್ಲ ಅಂತಲೋ, ಮದುವೆಯಾಗಿ ಎರಡು ವರ್ಷವಾದರೂ ಮಗು ಆಗಲಿಲ್ಲ ಅಂತಲೋ. ಹೆಸರು ಹಿಡಿದು ಕೂಗುವ ಹಾಗಿದ್ದರೆ ಒಂದು ದಿನದಲ್ಲಿ ತಿಳಿಯುತ್ತಿತ್ತು. ಕೂಗುವ ಹಾಗಿಲ್ಲವಲ್ಲ, ನಾಲ್ಕು ತಿಂಗಳು ನಾನು ಆ ಬೆನ್ನಿನ ಜೊತೆ ಮುನಿಸು ಮಾಡಿದೆ. ಎದುರಿಗೆ ಬಂದಾಗ ಇವರು ನಗುನಗುತ್ತ ಮಾತಾಡಿದರೆ ನನಗೆ ಇನ್ನೂ ಹೆದರಿಕೆಯಾಗುತ್ತಿತ್ತು. ಎದುರಿಗೆ ನಗುವುದು, ಬೆನ್ನು ತಿರುಗಿದರೆ ಕಲ್ಲು. ಇದೆಂಥ ಮನುಷ್ಯ ಎಂದು.

ಆ ಸೀಗಿಹುಣ್ಣಿಮೆಗೆ ಇಬ್ಬರೂ ಮೂಡಲಗಿಗೆ ಹೋದೆವು. ನಮ್ಮೂರು ಎಷ್ಟು ನಿಶ್ಶಬ್ದ ಎಂಬುದು ಫಾಲ್ಸಿನಿಂದ ಬಂದ ನನಗೆ ಆಗಲೇ ತಿಳಿದದ್ದು. ಓಣಿಯ ಆ ತುದಿಯಲ್ಲಿ ಮೊರದಲ್ಲಿ ಜೋಳ ಕೇರಿದರೆ ಈ ತುದಿಗೆ ಕೇಳುತ್ತಿತ್ತು. ಇವರು ಕಟ್ಟೆಯ ಮೇಲೆ ಓಣಿಗೆ ಮುಖ ಮಾಡಿ ಕೂತಿದ್ದರು. ಅಪ್ಪ ಬಾಗಿಲಿನಿಂದ ಕರೆದ.

"ಊಟಕ್ಕ ಏಳ್ರಿ."

ಇವರು ಏಳಲಿಲ್ಲ. ಅಪ್ಪ ಇನ್ನೊಮ್ಮೆ ಕರೆದ, ಇನ್ನಷ್ಟು ಮರ್ಯಾದೆಯಿಂದ. ಇವರು ಕಾಲು ಅಲುಗಿಸುತ್ತ ಕೂತಿದ್ದರು. ಅಪ್ಪ ಒಳಗೆ ಬಂದು ಅವ್ವನ ಕಿವಿಯಲ್ಲಿ, "ಅಳ್ಯಾನ್ಗ ಸಿಟ್ಟು ಬಂದೈತಿ" ಎಂದ. ನಮ್ಮ ಕಡೆ ಅಳಿಯ ಮುನಿಸಿಕೊಂಡರೆ ಅರ್ಥ ಒಂದೇ, ಏನೋ ಕೊಡುವುದು ಬಾಕಿ ಉಳಿದಿದೆ. ಮನೆಯಲ್ಲಿ ಗಡಿಬಿಡಿ. ಅವ್ವ ಟ್ರಂಕಿನಿಂದ, ನನ್ನ ಸ್ವಂತ ಅಣ್ಣನ ಮದುವೆಗೆ ಎತ್ತಿಟ್ಟಿದ್ದ ಜರಿಯಂಚಿನ ರುಮಾಲು ತೆಗೆದಳು. ಅಪ್ಪ ಅದನ್ನು ತಟ್ಟೆಯಲ್ಲಿಟ್ಟು, ವಿಭೂತಿ ಇಟ್ಟು, ಕಟ್ಟೆಗೆ ಹೋಗಿ ಇವರ ಎದುರು ಹಿಡಿದ.

"ತಪ್ಪಾತ್ರಿ. ಇಷ್ಟ ನಮ್ಮ ಕೈಲೆ ಆಗೂದು. ಏಳ್ರಿ."

ಇವರು ರುಮಾಲು ನೋಡಿದರು, ಅಪ್ಪನನ್ನು ನೋಡಿದರು, ಬಾಗಿಲಲ್ಲಿ ನಿಂತ ನಮ್ಮನ್ನೆಲ್ಲ ನೋಡಿದರು. ಆ ಮುಖದಲ್ಲಿ ಸಿಟ್ಟು ಇರಲಿಲ್ಲ. ಸಂತೆಯಲ್ಲಿ ಕೈ ತಪ್ಪಿದ ಕೂಸಿನ ಮುಖ ಅದು. "ಯಾಕ್ರಿ ಮಾಮಾ, ಏನಾತು?" ಎಂದರು. ಅಪ್ಪ ಕರೆದದ್ದು ಇವರ ಕಿವಿಗೆ ಬಿದ್ದೇ ಇರಲಿಲ್ಲ ಎಂಬುದು ನನಗೆ ಆ ಕ್ಷಣಕ್ಕೇ ಹೊಳೆಯಿತು. ಫಾಲ್ಸಿನಲ್ಲಿ ಎಲ್ಲರೂ ಮುಖಕ್ಕೆ ಮುಖ ಕೊಟ್ಟು ಒದರುತ್ತಾರೆ, ಅದಕ್ಕೆ ಅಲ್ಲಿ ಯಾರಿಗೂ ತಿಳಿದಿಲ್ಲ. ಇವರು ಯಾರಿಗೂ ತಿಳಿಯಗೊಟ್ಟಿಲ್ಲ.

ಮರುದಿನ ಮುಂಜಾನೆ ಬಾವಿಯ ಹತ್ತಿರ ಇವರ ಬೆನ್ನ ಹಿಂದೆ ನಿಂತು, ಕಲ್ಲಿನ ಮೇಲೆ ಕೊಡ ಕುಕ್ಕಿದೆ. ತಿರುಗಲಿಲ್ಲ. ಮುಂದೆ ಬಂದು ನಿಂತು, ದನಿ ತೆಗೆಯದೆ ತುಟಿ ಮಾತ್ರ ಅಲುಗಿಸಿದೆ. "ಯಾವಾಗಿಂದ?"

ಇವರು ಉತ್ತರ ಕೊಟ್ಟರು. ಕೊಟ್ಟ ಮೇಲೆ ನಾನು ದನಿ ತೆಗೆದಿರಲಿಲ್ಲ ಎಂಬುದು ನನ್ನ ಮುಖ ನೋಡಿ ಅವರಿಗೆ ತಿಳಿಯಿತು.

"ಜ್ವರ ಬಿಟ್ಟಾಗಿಂದ. ನೀರಾಗ ಮುಳುಗಿ ಕುಂತಂಗ ಐತಿ. ಯಾರಿಗೂ ಹೇಳಬ್ಯಾಡ."

"ಮಗ್ಗದ ಖಾತ್ಯಾಗ?"

"ಅಲ್ಲಿ ಎಲ್ಲಾರೂ ಕಿವುಡರ. ಕೆಲಸಕ್ಕೇನೂ ಆಗಂಗಿಲ್ಲ."

"ಆಟದಾಗ?"

ಇವರು ಬಾವಿಯ ಹಗ್ಗ ಸುತ್ತಿ ಪಕ್ಕಕ್ಕಿಟ್ಟರು. ಆಮೇಲೆ, "ಗೊತ್ತಾದ್ರ ತೆಗಿತಾರ. ಗೋಲು ಬಿಟ್ರ ನನ್ನ ಹತ್ರ ಏನೈತಿ ಹೇಳು? ನಿಮ್ಮಪ್ಪ ತಿಳಕೊಂಡಾನಲ್ಲ, ದೊಡ್ಡ ಸಾಹೇಬ ಅಂತ. ವಾರಕ್ಕ ಒಂದು ದಿನ ನಾ ಖರೇನ ಹಂಗ ಇರ್ತೇನಿ" ಎಂದರು.

ಕೊರಳ ಲಿಂಗ ಮುಟ್ಟಿ ಆಣೆ ಮಾಡಿದೆ. ಹೇಳುವುದಿಲ್ಲ ಎಂದೆ. ಆ ಆಣೆ ಮಾಡಿದ ದಿನದಿಂದ ನನ್ನ ನಿದ್ದೆ ಕೆಟ್ಟಿತು.

ಹೇಗೆ ಆಡುತ್ತಿದ್ದರೋ ಗೊತ್ತಿಲ್ಲ. ಕಣ್ಣಿನಿಂದಲೇ ಆಡಿದರು. ತಲೆಯನ್ನು ಮಾತ್ರ ಮೊದಲಿನಂತೆ ವಾಲಿಸಿ ನಿಲ್ಲುತ್ತಿದ್ದರು, ನೋಡುವವರಿಗೆ ಸಂಶಯ ಬರಬಾರದೆಂದು. ಅದನ್ನು ನೋಡಿದರೆ ನನಗೆ ಸಂಕಟವಾಗುತ್ತಿತ್ತು. ಒಂದೊಂದಾಗಿ ಗೋಲು ಬೀಳತೊಡಗಿದವು. ಚೆಂಡು ಗುಂಪಿನೊಳಗಿಂದ ಹೊರಬಿದ್ದ ಮೇಲೆ ಇವರು ಅಲುಗುತ್ತಿದ್ದರು, ಮೊದಲಿನಂತೆ ಸಪ್ಪಳಕ್ಕೇ ಅಲುಗುತ್ತಿರಲಿಲ್ಲ. ಅಷ್ಟು ತಡ ಸಾಕಾಗುತ್ತಿತ್ತು. ಗೋಕಾಕದ ಮೈದಾನದಲ್ಲಿ ಒಂದು ಚೆಂಡು ಕಿವಿಯ ಪಕ್ಕದಿಂದ ಹೋಯಿತು. ಅಂಗೈ ಅಗಲ ಈ ಕಡೆ ಸರಿದಿದ್ದರೆ ತಲೆಗೆ ಬಡಿಯುತ್ತಿತ್ತು, ಆಗ ಹೆಲ್ಮೆಟ್ಟು ಎಲ್ಲಿತ್ತು. ಬಾಜೂ ಮನೆಯ ಅಣ್ಣ ತಿರುಗಿ, "ಹಿಡಿ ಅಂತ ಒದರಿದ್ನಲ್ಲೋ" ಎಂದ. ಇವರು ನಕ್ಕು ಕೈ ಎತ್ತಿದರು.

ನಳದ ಹತ್ತಿರ ಹೆಂಗಸರಿಗೆ ಬೇರೆಯೇ ಕಾರಣ ಸಿಕ್ಕಿತ್ತು.

"ಮೊದಲ ಗೋಲು ಕಾಯ್ತಿದ್ದ, ಈಗ ಹೆಂಡ್ತಿ ಕಾಯ್ತಾನ."

"ಏನ್ ಮಾಡ್ತಾನವಾ ಪಾಪ. ಚೆಂಡಿಗಿಂತ ಈಕಿ ದುಂಡಗ ಅದಾಳ."

"ಆಟದ ಹಿಂದಿನ ದಿನ ತವರಿಗೆ ಕಳಿಸ್ರಿ ಈಕಿನ್ನ."

ನಾನೂ ನಗುತ್ತಿದ್ದೆ. ಬೈಸಿಕೊಂಡರೂ ಅಡ್ಡಿಯಿಲ್ಲ, ಕಾರಣ ನಾನೇ ಎಂದುಕೊಳ್ಳಲಿ ಎಂದು ಕೊಡ ಹೊತ್ತು ಬರುತ್ತಿದ್ದೆ. ಆದರೆ ಯಾವುದೋ ಒಂದು ಕಡೆ, ಯಾವುದೋ ಒಂದು ದಿನ ಏನೋ ಆಗುತ್ತದೆ ಎಂಬುದು ನನಗೆ ಖಾತ್ರಿಯಾಗಿತ್ತು. ಇವರ ತಲೆಗೆ ಚೆಂಡು ಬಡಿಯುತ್ತದೆ ಎಂದು ಹೆದರುತ್ತಿದ್ದೆ. ಆದದ್ದು ಅದಲ್ಲ.

ಸುಗ್ಗಿ ಮುಗಿದ ಮೇಲೆ ಹುಕ್ಕೇರಿಯಲ್ಲಿ ಆಟ ಇಟ್ಟರು. ನನ್ನ ಅಕ್ಕನನ್ನು ಕೊಟ್ಟದ್ದು ಹುಕ್ಕೇರಿಗೆ, ಅವಳ ಕೂಸಿನ ತೊಟ್ಟಿಲ ಕಾರ್ಯವೂ ಅದೇ ದಿನ. ಅತ್ತೆ ಕುಬಸ, ಕೊಬ್ಬರಿ ಕಟ್ಟಿಕೊಟ್ಟಳು. ಟೀಮಿನ ಲಾರಿಯಲ್ಲಿ ಡ್ರೈವರನ ಬಾಜೂ ಕೂತು ನಾನೂ ಹೋದೆ.

ತೊಟ್ಟಿಲಿನ ಮುಂದೆ ಹೆಂಗಸರು ನನ್ನನ್ನು ತಡೆದರು. "ಒಡಪು ಹಾಕಿ ಗಂಡನ ಹೆಸರು ಹೇಳು, ಇಲ್ಲಾಂದ್ರ ಕೂಸು ಮುಟ್ಟಾಕ ಬಿಡಂಗಿಲ್ಲ." ನಾನು ನೀರು ಬೀಳುವ ಸಾಲೊಂದನ್ನು, ನೂಲು ಸುತ್ತುವ ಸಾಲೊಂದನ್ನು ಜೋಡಿಸಿ, ಕೊನೆಗೆ ಹೆಸರನ್ನು ನುಂಗಿದಂತೆ ಹೇಳಿದೆ. ಒಬ್ಬ ಮುದುಕಿ ಕಿವಿಗೆ ಕೈ ಇಟ್ಟುಕೊಂಡು, "ಕೇಳಲಿಲ್ಲ ತಂಗಿ. ನಿನ್ನ ಗಂಡಗ ಹೆಸರು ಐತೋ ಇಲ್ಲೋ?" ಎಂದಳು. ಎಲ್ಲರೂ ನಕ್ಕರು. ನನಗೆ ಇನ್ನೊಮ್ಮೆ ಬಾಯಿ ಏಳಲಿಲ್ಲ, ಅಕ್ಕ ಬಿಡಿಸಿದಳು.

ಅಕ್ಕನ ಮನೆಯ ಮಾಳಿಗೆ ಹತ್ತಿದರೆ ಮೈದಾನ ಕಾಣುತ್ತಿತ್ತು. ಊಟ ಮುಗಿಸಿ ಎಂಟ್ಹತ್ತು ಹೆಂಗಸರು ಹತ್ತಿದೆವು. ಅರ್ಧ ಆಟ ಮುಗಿದು ಕಡೆ ಬದಲಾದಾಗ ನಮ್ಮ ಗೋಲು ಮಾಳಿಗೆಯ ಕಡೆಗೇ ಬಂತು, ಇವರ ಬೆನ್ನು ನಮಗೆ ಕಾಣುತ್ತಿತ್ತು. ಸೀಟಿ ಹಿಡಿದು ಆಟದ ಪಂಚನಾಗಿ ನಿಂತವರು ಮಿಲಿಟರಿಯಿಂದ ಪೆನ್ಶನ್ ಪಡೆದು ಬಂದ ಒಬ್ಬ ಹಿರಿಯರು, ಬಿಳಿ ಮೀಸೆಯವರು. ಹುಕ್ಕೇರಿಯ ಕಡೆ ಮುಂದೆ ಆಡುವವನನ್ನು ಅಕ್ಕ ಬೆರಳು ಮಾಡಿ ತೋರಿಸಿದಳು. "ಅಲ್ಲಿ ನೋಡ, ಅವ ನಮ್ಮ ಓಣಿ ಟೇಲರ್. ನಾ ಕೊಟ್ಟೆನಲ್ಲ, ನೀ ತೊಟ್ಟ ಈ ಕುಬಸ ಹೊಲಿದವ ಅವನ." ಸಣ್ಣ ಕಟ್ಟಿನ ಹುಡುಗ, ನೆಲಕ್ಕೆ ಹತ್ತಿಕೊಂಡಂತೆ ಓಡುತ್ತಿದ್ದ.

ಧೂಳು ಎದ್ದಿತ್ತು. ಗೋಲಿನ ಮುಂದೆ ಗುಂಪು ಸೇರಿತು. ಆಗ ಸೀಟಿ ಊದಿತು, ಉದ್ದಕ್ಕೆ. ಯಾರ ಕಾಲಿಗೋ ಚೆಂಡು ತಗಲಿತ್ತಂತೆ. ಗುಂಪು ಸಡಿಲವಾಯಿತು. ಸ್ಟಿಕ್ಕುಗಳು ಕೆಳಗಿಳಿದವು. ಬಾಜೂ ಮನೆಯ ಅಣ್ಣ ಬೆವರು ಒರೆಸಿಕೊಳ್ಳಲು ಅಂಗಿಯ ತುದಿ ಎತ್ತಿದ. ಟೇಲರ್ ಹುಡುಗ ಚೆಂಡನ್ನು ಎತ್ತಿ ಪಂಚರಿಗೆ ಕೊಡಲು ಬಗ್ಗಿ ಕೈ ಚಾಚಿದ.

ಮೈದಾನದಲ್ಲಿ ಎಲ್ಲರೂ ನಿಂತಿದ್ದರು. ಒಬ್ಬರು ಮಾತ್ರ ಓಡುತ್ತಿದ್ದರು. ಧೂಳಿನಲ್ಲಿ ಚೆಂಡನ್ನು ಮಾತ್ರ ಕಂಡು, ಅದನ್ನು ದೂರ ಹೊಡೆದುಬಿಡಬೇಕೆಂದು ಇವರು ಗೋಲು ಬಿಟ್ಟು ಮುಂದೆ ಬಂದಿದ್ದರು. ಸ್ಟಿಕ್ಕು ಹಿಂದಕ್ಕೆ ಹೋಗಿತ್ತು.

ನಾನು ಹೆಸರು ಹಿಡಿದು ಕೂಗಿದೆ.

ಒಡಪಿಲ್ಲ, ಸೆರಗಿಲ್ಲ. ಹೊಟ್ಟೆಯಿಂದ ಬಂದ ಕೂಗು. ನನ್ನ ಸುತ್ತಲಿನ ಹೆಂಗಸರು ನನ್ನಿಂದ ದೂರ ಸರಿದರು. ಮೈದಾನದ ಸುತ್ತ ಕೂತ ಗಂಡಸರೆಲ್ಲ ಮಾಳಿಗೆಯ ಕಡೆ ತಲೆ ಎತ್ತಿದರು, ಪಂಚರು ಎತ್ತಿದರು, ಅಣ್ಣ ಎತ್ತಿದ. ಬಗ್ಗಿದ್ದ ಟೇಲರ್ ಹುಡುಗನೂ ಕೈ ಚೆಂಡಿನ ಮೇಲಿಟ್ಟೇ ತಲೆ ಎತ್ತಿದ. ಇವರೊಬ್ಬರು ಎತ್ತಲಿಲ್ಲ.

ಸ್ಟಿಕ್ಕು ಬಡಿದದ್ದು ಹಸಿ ಕಟ್ಟಿಗೆ ಮುರಿದ ಹಾಗೆ ಕೇಳಿಸಿತು.

ನಾನು ಏಣಿಯನ್ನು ಹೇಗೆ ಇಳಿದೆನೋ ಗೊತ್ತಿಲ್ಲ. ಮೈದಾನಕ್ಕೆ ಓಡುವಷ್ಟರಲ್ಲಿ ಮಂದಿ ಒಳಗೆ ನುಗ್ಗಿತ್ತು. ಟೇಲರ್ ಹುಡುಗ ಕೈಯನ್ನು ಹೊಟ್ಟೆಗೆ ಒತ್ತಿಕೊಂಡು ಕೂತಿದ್ದ. ಇವರ ಸುತ್ತ ಹತ್ತಿಪ್ಪತ್ತು ಜನ. ಒಬ್ಬ ಕಾಲರು ಹಿಡಿದಿದ್ದ.

"ಸೀಟಿ ಹೊಡದಮ್ಯಾಲ ಹೊಡದಾನ. ನಾ ಕಣ್ಣಾರೆ ನೋಡೇನಿ."

"ಬೇಕಂತ ಹೊಡದಾನ. ದುಡಿಯೂ ಕೈಗೆ ಹೊಡದು ಹುಡುಗನ ಹೊಟ್ಟಿ ಮ್ಯಾಲ ಹೊಡದಾನ."

"ಫಾಲ್ಸಿಗೆ ನಡಕೊಂತ ಹೋಗಬಾರದು ಇವ."

ಇವರು ಒಬ್ಬೊಬ್ಬರ ತುಟಿಯನ್ನು ಹುಡುಕುತ್ತಿದ್ದರು. ಎಲ್ಲರೂ ಒಮ್ಮೆಲೇ ಮಾತಾಡುತ್ತಿದ್ದರಿಂದ ಒಂದು ಮಾತೂ ಸಿಗುತ್ತಿರಲಿಲ್ಲ. ಏನಾಯಿತು ಎಂದು ಅವರಿಗೆ ಇನ್ನೂ ತಿಳಿದಿರಲಿಲ್ಲ. ಬಾಜೂ ಮನೆಯ ಅಣ್ಣ ನಡುವೆ ಕೈ ಅಡ್ಡ ಹಿಡಿದಿದ್ದ, ಆದರೆ ಅವನ ಮುಖದಲ್ಲೂ ಅದೇ ಪ್ರಶ್ನೆ ಇತ್ತು. ಯಾಕೆ ಹೊಡೆದ?

ನಾನು ಗಂಡಸರ ನಡುವೆ ನುಗ್ಗಿದೆ. "ಅವರಿಗೆ ಕಿವಿ ಕೇಳಸಂಗಿಲ್ರಿ" ಎಂದೆ. "ಸೀಟಿ ಕೇಳಿಲ್ರಿ ಅವರಿಗೆ."

ಕಾಲರು ಹಿಡಿದವನು ನಕ್ಕ. "ಎರಡು ವರ್ಷದಿಂದ ಇಲ್ಲೆ ಆಡಾಕತ್ತಾನ. ಇವತ್ತ ಕಿವುಡ ಆದ್ನೇನು? ಗಂಡನ್ನ ಉಳಸ್ಕೊಳ್ಳಾಕ ಸುಳ್ಳು ಹೇಳ್ತಾಳ ನೋಡ್ರಿ."

ಬಿಳಿ ಮೀಸೆಯ ಪಂಚರು ಜನರನ್ನು ಸರಿಸಿ ಬಂದು ನನ್ನ ಮುಂದೆ ನಿಂತರು. "ಈಗ ಮಾಳಗಿ ಮ್ಯಾಲಿಂದ ಒದರಿದಾಕಿ ನೀನ ಏನವಾ?"

"ಹೂಂ ರಿ."

"ಯಾರ ಹೆಸರು ಅದು?"

ನಾನು ನೆಲ ನೋಡಿದೆ. ಅಣ್ಣನೇ ಹೇಳಿದ, "ಇವಂದ ರಿ."

ಪಂಚರು ಕಾಲರು ಹಿಡಿದವನ ಕಡೆ ತಿರುಗಿದರು. "ಮದುವಿ ಆಗೈತೇನೋ ನಿಂದು?"

"ಆಗೈತ್ರಿ."

"ನಿನ್ನ ಹೆಂಡ್ತಿ ಹಿಂಗ ಸಾವಿರ ಮಂದ್ಯಾಗ ನಿನ್ನ ಹೆಸರು ಹಿಡಿದು ಒದರಿದ್ರ ಏನ್ ಮಾಡ್ತಿ?"

"ಹಲ್ಲು ಉದುರಸ್ತೇನ್ರಿ."

"ಅದು ಆಮ್ಯಾಲ. ಮೊದಲ ತಿರುಗಿ ನೋಡ್ತಿಯೋ ಇಲ್ಲೋ?"

"ನೋಡ್ತೇನ್ರಿ. ನೋಡದ ಹೆಂಗಿರಾಕ ಬರ್ತೈತಿ?"

"ಇವ ನೋಡಿದನೇನು?"

ಕಾಲರು ಹಿಡಿದ ಕೈ ಸಡಿಲವಾಯಿತು. ಪಂಚರು ಇವರ ಹಿಂದೆ ಹೋಗಿ, ತಲೆಯ ಹತ್ತಿರ ಸೀಟಿ ಹಿಡಿದು ಊದಿದರು. ನಾವೆಲ್ಲ ಬೆಚ್ಚಿದೆವು. ಇವರು ನನ್ನ ಮುಖವನ್ನೇ ನೋಡುತ್ತ ನಿಂತಿದ್ದರು. ಎಲ್ಲರ ತುಟಿಯೂ ಒಮ್ಮೆಲೇ ನಿಂತದ್ದು ನೋಡಿ ಅವರಿಗೆ ಅರ್ಥವಾಯಿತು.

"ಹೇಳಿದೇನು?" ಎಂದು ನನ್ನನ್ನು ಕೇಳಿದರು. ನಾನು ತಲೆ ಆಡಿಸಿದೆ. ಸ್ಟಿಕ್ಕನ್ನು ಮೆತ್ತಗೆ ನೆಲದ ಮೇಲಿಟ್ಟು, ಟೇಲರ್ ಹುಡುಗನ ಹತ್ತಿರ ಹೋಗಿ ಕೂತರು. ಆ ಹುಡುಗ ನೋವಿನಲ್ಲೂ ಬಾಯಿ ಅಗಲಿಸಿ, ಒಂದೊಂದೇ ಅಕ್ಷರ ಬಿಡಿಸಿ, "ಎಡಗೈ ರಿ. ಕತ್ತರಿ ಬಲಗೈಯಾಗ ಹಿಡಿತೇನಿ" ಅಂದ. ಅವನ ಎರಡು ಬೆರಳು ಮುರಿದಿದ್ದವು. ಎಲುಬು ಕೂಡಿಸುವವನಿಂದ ಕಟ್ಟು ಕಟ್ಟಿಸಿದರು. ಕೂಡಿಕೊಂಡವು, ಒಂದು ಮಾತ್ರ ಸೊಟ್ಟಗೆ ಕೂಡಿತು.

ಲಾರಿಯಲ್ಲಿ ತಿರುಗಿ ಬರುವಾಗ ನಾನು ಮತ್ತೆ ಡ್ರೈವರನ ಬಾಜೂ, ಇವರು ಹಿಂದೆ ಟೀಮಿನ ಜೊತೆ. ಘಟ್ಟದ ಹತ್ತಿರ ಬಾಜೂ ಮನೆಯ ಅಣ್ಣ ಒಮ್ಮೆಲೇ ಲಾರಿಯ ಹಲಗೆಗೆ ಗುದ್ದಿದನಂತೆ. "ಇಷ್ಟು ದಿನ 'ಬಿಡು', 'ಹಿಡಿ' ಅಂತ ಗಂಟಲ ಹರಕೊಂಡೆ. ಯಾರಿಗೆ ಹೇಳಿದೆ ನಾ? ಗೋಡಿಗೇನು?" ಎಂದನಂತೆ. ಆಮೇಲೆ ಅವನೇ ಇವರ ಕಾಲಿನ ಪ್ಯಾಡಿನ ಪಟ್ಟಿ ಬಿಚ್ಚಿದನಂತೆ. ಇವರು ಕಾಲು ಚಾಚಿ ಕೂತಿದ್ದರಂತೆ, ಕೂಸಿನಂತೆ.

ಮನೆಯಲ್ಲಿ ಇವರು ಆರು ದಿನ ನನ್ನ ಜೊತೆ ಮಾತಾಡಲಿಲ್ಲ. ಈ ಸಲದ್ದು ಖರೆ ಸಿಟ್ಟು. ನನ್ನ ಮುಖದ ಕಡೆ ನೋಡದಿದ್ದರೆ ಸಾಕು, ನಾನು ಏನು ಹೇಳಿದರೂ ಅವರಿಗೆ ಮುಟ್ಟುವುದಿಲ್ಲ. ನೋಡಲಿಲ್ಲ. ಅತ್ತೆ ಮಾತ್ರ ಎದುರಿಗೆ ನಿಲ್ಲಿಸಿ, ಕೈ ಮಾಡಿ, "ಆಣಿ ಮುರದಾಳ, ಹೆಸರು ಹಿಡದಾಳ, ಖರೆ. ನಿನ್ನ ಜೀಂವ ಉಳಿಸಿ ತಂದಾಳ" ಎಂದಳು. ಅದನ್ನೂ ಅರ್ಧ ನೋಡಿ ಹೊರಟುಹೋದರು.

ಏಳನೆಯ ದಿನ ಮುಂಜಾನೆ ನಾನು ರೊಟ್ಟಿ ಬಡಿಯುತ್ತಿದ್ದೆ. ಬಂದು ಒಲೆಯ ಎದುರು ಕೂತರು.

"ಎಲ್ಲಾರಿಗೂ ಕೇಳಸ್ತಂತಲ್ಲ."

ನಾನು ಹೌದೆಂದೆ.

"ಹೆಂಗ ಕೂಗಿದಿ?"

"ಎಮ್ಮಿ ಹೊಲ ಹೊಕ್ಕಾಗ ಕೂಗ್ತಾರಲ್ರಿ, ಹಂಗ."

ಇವರು ನಕ್ಕರು. ನಗುತ್ತಲೇ ಕಣ್ಣು ಒರೆಸಿಕೊಂಡರು. ಹೊಗೆ ಎಂದರು. ಹೊಗೆ ಇರಲಿಲ್ಲ, ಕೆಂಡವಾಗಿತ್ತು. "ಹುಕ್ಕೇರಿ ಮಂದಿಗೆಲ್ಲ ಕೇಳಸ್ತು, ನನಗ ಇಲ್ಲ" ಎಂದು ರೊಟ್ಟಿಯ ತುಂಡು ಮುರಿದುಕೊಂಡು ಎದ್ದರು.

ಅದೇ ದಿನ ರವ್ವಾರ, ಗಿರಣಿಗೆ ರಜೆ. ಟೀಮು ಬಾಗೇವಾಡಿಗೆ ಹೋಗುವುದಿತ್ತು. ಬಾಜೂ ಮನೆಯ ಅಣ್ಣ ಬಂದು ಬಾಗಿಲಲ್ಲಿ ನಿಂತ, ಏನೂ ಕೇಳಲಿಲ್ಲ. ಇವರೇ ಗೂಟದಿಂದ ಪ್ಯಾಡು ಇಳಿಸಿ, ಪಟ್ಟಿ ಸುತ್ತಿ ಅವನ ಕೈಗೆ ಕೊಟ್ಟರು. "ಹೊಸಬಗ ತೊಡಿಗೆ ಬಡಿತಾವ. ಒಳಗ ಹಳೇ ಅರಿವಿ ಇಡಾಕ ಹೇಳು" ಎಂದರು. ಅಣ್ಣ ಹೋದ. ಇವರು ಹೊಸ್ತಿಲ ಮೇಲೆ ಕೂತರು, ಬೀದಿಗೆ ಬೆನ್ನು ಮಾಡಿ, ನನ್ನ ಕಡೆ ಮುಖ ಮಾಡಿ. ಲಾರಿ ನಿಲ್ಲುವುದು ಚಾಳಿನ ಮೂಲೆಯ ಆಚೆ, ಮನೆಯಿಂದ ಕಾಣುವುದಿಲ್ಲ.

"ಚಾಲೂ ಆತೇನು?"

"ಆತ್ರಿ."

"ಹೊಂಟ್ರೇನು?"

"ಹೊಂಟ್ರು."

ಚಳಿಗಾಲದ ಕೊನೆ, ಫಾಲ್ಸಿನಲ್ಲಿ ನೀರು ಸಣ್ಣಗಾಗಿತ್ತು. ರವ್ವಾರ ಗಿರಣಿಯೂ ಸುಮ್ಮನಿತ್ತು. ಲಾರಿ ತಿರುವಿಗೆ ಏರುವ ಸಪ್ಪಳ, ಮೇಲೆ ಕೂತವರ ನಗೆ, ಯಾರೋ ಸ್ಟಿಕ್ಕಿನಿಂದ ಹಲಗೆ ಬಡಿಯುವ ಸಪ್ಪಳ, ಎಲ್ಲ ಒಂದೊಂದಾಗಿ ಬರುತ್ತಿತ್ತು. ನಾನು ಹಿಟ್ಟಿನ ಕೈ ಹಾಗೇ ಹಿಡಿದು ಕೇಳಿಸಿಕೊಂಡೆ.

"ಈಗ?"

"ಕೇಳಸ್ತೈತ್ರಿ."

ಅವರು ನನ್ನ ತುಟಿಯ ಮೇಲಿಂದ ಕಣ್ಣು ತೆಗೆಯಲಿಲ್ಲ. ಸಪ್ಪಳ ಗುಡ್ಡದ ಆಚೆಗೆ ಹೋಯಿತು. ಆಮೇಲೆ ಅದೂ ನಿಂತಿತು.

"ಈಗ?" ಎಂದು ಕೇಳಿದರು.

"ಐತ್ರಿ. ಇನ್ನೂ ಐತಿ" ಎಂದೆ.